ಎಲ್ಲರಿಗಿಂತ ಕಡಿಮೆ ದರ

ಚರಂಡಿ ಹೂಳೆತ್ತುವ ಗುತ್ತಿಗೆಗೆ ಅವಳು ಪ್ರತಿ ವರ್ಷವೂ ಪುರಸಭೆಗೆ ಟೆಂಡರ್ ಹಾಕುತ್ತಿದ್ದಳು. ಅವಳ ದರ ಗುಮಾಸ್ತನಿಂದ ಅಧ್ಯಕ್ಷರ ಭಾವಮೈದನಿಗೆ ತಲುಪುತ್ತಿತ್ತು. ಅವನು ಅದಕ್ಕಿಂತ ಚೂರು ಕಡಿಮೆ ಬರೆದು ಗುತ್ತಿಗೆ ಹೊಡೆದುಕೊಳ್ಳುತ್ತಿದ್ದ.

ಈ ಸಲವೂ ಅವಳು ಅರ್ಜಿ ತುಂಬಿಸಲು ಗುಮಾಸ್ತನ ಬಳಿಗೇ ಹೋದಳು. ದರ ಕೇಳಿ ಅವನು ಬೆಚ್ಚಿದ.

“ಇಷ್ಟಕ್ಕೆ ಆಳುಗಳ ಕೂಲಿನೂ ಗಿಟ್ಟಲ್ಲ ಕಣಕ್ಕಾ!”

“ಮನೆ ಮಾರಿಯಾದ್ರೂ ಮಾಡ್ತೀನಿ. ನೀನು ಬರಿ.”

ಲಕೋಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.

ಟೆಂಡರ್ ತೆರೆದ ದಿನ ಮುಖ್ಯಾಧಿಕಾರಿ ಭಾವಮೈದನ ದರ ಓದಿದರು. ಅವಳು ಬರೆಸಿದ್ದಕ್ಕಿಂತಲೂ ಚೂರು ಕಡಿಮೆ.

“ಈ ಸಲನೂ ಸೋತ್ಯಲ್ಲಮ್ಮಾ,” ಎಂದು ಅವನು ಮೀಸೆ ತಿರುವಿದ.

ಮುಖ್ಯಾಧಿಕಾರಿ ಪೆಟ್ಟಿಗೆಯನ್ನು ಬೋರಲು ಹಾಕಿ ನೋಡಿದರು. “ನಿಮ್ಮ ಲಕೋಟೆ ಎಲ್ಲಮ್ಮಾ?”

“ನಾನು ಹಾಕೇ ಇಲ್ಲ ಸಾರ್. ಆ ದುಡ್ಡಿಗೆ ಊರಿನ ಹೂಳೆಲ್ಲ ಅವರೇ ಬಾಚ್ಲಿ.”