ಹೋಗಿ ಬರ್ತೀವಿ

ಕೇರಿಗೆಲ್ಲ ಮರ್ಯಾದೆ ಕಲಿಸುವ ಹೊಣೆ ತನ್ನದೇ ಎಂದುಕೊಂಡವಳು ಜಲಜಾಕ್ಷಿ. ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಅನ್ನದೆ ‘ಹೋಗಿ ಬರ್ತೀನಿ’ ಅನ್ನಬೇಕೆಂದು ಮಗಳನ್ನು ಮಾತು ಬಂದಾಗಿನಿಂದ ತಿದ್ದಿದ್ದಳು.

ಎದುರು ಮನೆಯ ಮೇಷ್ಟ್ರು ತೀರಿಕೊಂಡರು. ಅವರ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮಗಳಿಗೆ ಪಾಠವಾಯಿತು. “ನಗಬಾರ್ದು. ತಿನ್ನೋಕೆ ಏನೂ ಕೇಳಬಾರ್ದು.”

ಒಳಗೆ ಯಾರದೋ ಮೊಬೈಲಿನಲ್ಲಿ ಸಿನಿಮಾ ಹಾಡು ಮೊಳಗಿತು. ಸಂಸ್ಕಾರವಿಲ್ಲದ ಜನ ಎಂದು ಜಲಜಾಕ್ಷಿ ಮೂಗು ಮುರಿದಳು. ತನ್ನ ಮಗಳು ಮಾತ್ರ ಗೊಂಬೆಯ ಹಾಗೆ ಕೂತಿದ್ದಳು.

ಏಳುವಾಗ ಆ ಮಗು ಮೇಷ್ಟ್ರ ಹೆಂಡತಿಗೆ ಕೈಮುಗಿದು ಗಟ್ಟಿಯಾಗಿ ಹೇಳಿತು: “ಹೋಗಿ ಬರ್ತೀವಿ ಅಜ್ಜಿ.”

ಕೂತವರೆಲ್ಲ ತಿರುಗಿ ನೋಡಿದರು. ಜಲಜಾಕ್ಷಿ ಮಗಳ ತೋಳು ಚಿವುಟಿದಳು.

“ಸಾವಿನ ಮನೇಲಿ ಬರ್ತೀವಿ ಅಂತಾರೇನೇ? ಸುಮ್ನೆ ಎದ್ದು ಹೋಗ್ಬೇಕು! ತಪ್ಪು ತಿಳ್ಕೋಬೇಡಿ ಅಮ್ಮಾ, ಮಗು ಗೊತ್ತಿಲ್ದೆ ಅಂದ್ಬಿಡ್ತು.”

“ಮಗೂನ ಯಾಕೆ ಚಿವುಟ್ತೀಯ, ಜಲಜಾ?” ಮೇಷ್ಟ್ರ ಹೆಂಡತಿ ಕಣ್ಣೊರೆಸಿಕೊಂಡರು. “ಬರ್ತೀನಿ ಅಂದೋರೆಲ್ಲ ಬಂದ್ಬಿಡ್ತಾರಾ? ಅವರು ಹಾಸಿಗೆ ಹಿಡಿದಿದ್ದ ಎರಡು ವರ್ಷಾನೂ ನೀನು ಗೇಟಿನಾಚೆ ನಿಂತು ಅದನ್ನೇ ಹೇಳ್ತಿದ್ದೆಯಲ್ಲ.”