ಅಕ್ಕನ ಅಳತೆ

“ಒಬ್ಬಳ ಅಳತೆ ತಗೊಂಡ್ರೆ ಸಾಕು ಟೈಲರಮ್ಮ, ಇಬ್ಬರಿಗೂ ಅದೇ ಆಗುತ್ತೆ,” ಎಂದು ತಾಯಿ ತನ್ನ ಕಿರಿಯ ಮಗಳನ್ನು ಮುಂದಕ್ಕೆ ತಳ್ಳಿದಳು.

ಹೊಸ ಮಾತೇನಲ್ಲ. ಇಬ್ಬರೂ ಅವಳಿ ಮಕ್ಕಳು. ಹುಟ್ಟಿದಾಗಿನಿಂದ ಅವರ ಬಟ್ಟೆ ಹೊಲಿಯುತ್ತಿರುವುದು ಟೈಲರಮ್ಮನೇ. ಅಳತೆ ಪುಸ್ತಕದಲ್ಲಿ ಇಬ್ಬರಿಗೂ ಸೇರಿ ಒಂದೇ ಸಾಲು. ಹತ್ತು ನಿಮಿಷ ಮೊದಲು ಹುಟ್ಟಿದ್ದಕ್ಕೆ ಒಬ್ಬಳು ಅಕ್ಕ, ಇನ್ನೊಬ್ಬಳು ತಂಗಿ. ಅಕ್ಕನಿಗೆ ಆ ಹತ್ತು ನಿಮಿಷದ ಜಂಬ ಆರು ವರ್ಷವಾದರೂ ಇಳಿದಿರಲಿಲ್ಲ. ಆ ಅಕ್ಕ ಈಗ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಇಂಥ ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದ ಮಗು. ಕಾಯಿಲೆಯೇನೋ ಹೋಗಿತ್ತು, ಹೋಗುವಾಗ ಅರ್ಧ ಮೈಯನ್ನೂ ಹೊತ್ತುಕೊಂಡು ಹೋಗಿತ್ತು.

“ಸೋಮವಾರ ಇಬ್ಬರೂ ಒಟ್ಟಿಗೆ ಶಾಲೆಗೆ ಹೋಗ್ತಾರೆ. ಅವತ್ತೇ ಕ್ಲಾಸಿನ ಫೋಟೋ ಬೇರೆ,” ಎನ್ನುತ್ತ ತಾಯಿ ಹೂವಿನ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು.

ಟೈಲರಮ್ಮ ದನಿ ತಗ್ಗಿಸಿದಳು. “ತಂಗಿ ಅಳತೆಗೆ ಹೊಲಿದ್ರೆ ಅಕ್ಕನ ಹೆಗಲಿಂದ ಜಾರುತ್ತೆ. ನನ್ನ ಕೈಯಲ್ಲಿ ಅಂಥ ಫ್ರಾಕ್ ಹೊಲಿಸ್ಬೇಡ. ಇಬ್ಬರದೂ ತಗೋತೀನಿ.”

“ಬೇಡ,” ಎಂದಳು ತಾಯಿ, ನೂಲಿನ ಉಂಡೆಗಳನ್ನು ನೋಡುವವಳ ಹಾಗೆ ಆ ಕಡೆ ತಿರುಗಿಕೊಂಡು. “ಮೊನ್ನೆ ದೊಡ್ಡವಳು ಹಳೇ ಫ್ರಾಕ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತಿದ್ಲು. ‘ಅಮ್ಮಾ, ನಾನು ಸಣ್ಣಗಾಗಿ ತಂಗಿ ಆಗ್ಬಿಟ್ನಾ?’ ಅಂತ ಕೇಳಿದ್ಲು. ಅವತ್ತಿಂದ ಸ್ವೆಟರ್ ಬಿಚ್ಚಿಲ್ಲ. ಟೇಪಿನ ಮೇಲಿನ ನಂಬರ್ ಬೇರೆ ಓದೋಕೆ ಬರುತ್ತೆ ಅವಳಿಗೆ.”

ಟೇಪು ಹಿಡಿಯದಿದ್ದರೆ ಆಯಿತೇ? ದೊಗಳೆ ಫ್ರಾಕ್ ಹಾಕಿದ ಮೇಲೆ ಕನ್ನಡಿ ಸುಮ್ಮನಿರುತ್ತದೆಯೇ? ಈ ತಾಯಂದಿರ ಬುದ್ಧಿಯೇ ಇಷ್ಟು ಎಂದು ಟೈಲರಮ್ಮ ಮನಸ್ಸಿನಲ್ಲೇ ಗೊಣಗಿಕೊಂಡಳು. ಗೊಣಗುತ್ತಲೇ ತಂಗಿಯ ಎದೆಗೆ ಟೇಪು ಸುತ್ತಿದಳು.

“ಎಷ್ಟು ಬಂತು?” ಸ್ಟೂಲಿನಿಂದ ಪ್ರಶ್ನೆ ಬಂತು.

“ಇಪ್ಪತ್ಮೂರು.”

“ಹಾಗಾದ್ರೆ ನಂದೂ ಇಪ್ಪತ್ಮೂರೇ. ಬರ್ಕೊಳ್ಳಿ.”

“ಬರ್ಕೊಂಡೆ ಮಹಾರಾಯ್ತಿ. ಅದೇನು, ನಿನ್ನ ಸ್ವೆಟರಿಗೆಲ್ಲ ನೂಲು ಅಂಟಿದೆ, ತಿರುಗು ನೋಡೋಣ.” ಇಲ್ಲದ ನೂಲನ್ನು ತೆಗೆಯುವ ನೆಪದಲ್ಲಿ ಟೈಲರಮ್ಮ ಅಕ್ಕನ ಬೆನ್ನಿನ ಮೇಲೆ ಅಂಗೈ ಅಗಲಿಸಿದಳು. ಒಂದು ಗೇಣಿನೊಳಗೆ ಬೆನ್ನು ಮುಗಿದುಹೋಯಿತು. ಅಷ್ಟು ಸಾಕಾಗಿತ್ತು, ಮೂವತ್ತು ವರ್ಷ ಬಟ್ಟೆ ಹಿಡಿದ ಕೈ ಅದು.

“ಕೆಳಗೆ ನಿನ್ನ ಹೂವಿನ ಬಟ್ಟೆ ನೆರಿಗೆ ಹಾಕಿ ಕೊಡ್ತೀನಿ. ಮೇಲುಭಾಗಕ್ಕೆ ಬನಿಯನ್ ಬಟ್ಟೆ,” ಎಂದಳು ತಾಯಿಗೆ.

“ಬನಿಯನ್ ಬಟ್ಟೆ ಕಂಡ್ರೆ ನಿಮಗಾಗಲ್ವಲ್ಲ?”

“ಆಗಲ್ಲ. ಆದ್ರೂ ಹಾಕ್ತೀನಿ.”

ನಿಜಕ್ಕೂ ಆಗುತ್ತಿರಲಿಲ್ಲ. ಕತ್ತರಿ ತಾಗಿದರೆ ಸಾಕು, ಅಂಚು ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ. ಸೂಜಿ ಹೊಲಿಗೆ ಹಾರಿಸುತ್ತದೆ. ಕೈ ತುಸು ಬಿಗಿಯಾದರೂ ಹೊಲಿಗೆಯೆಲ್ಲ ಅಲೆ ಅಲೆ. ಮರುದಿನ ಎರಡು ತೋಳು ಹಾಳಾದವು; ಟೈಲರಮ್ಮ ಆ ಬಟ್ಟೆಯ ವಂಶವನ್ನೆಲ್ಲ ಜಾಲಾಡಿ, ಸೂಜಿ ಬದಲಿಸಿ ಮತ್ತೆ ಕೂತಳು. ಆದರೆ ಆ ಹಾಳು ಬಟ್ಟೆಗೆ ಒಂದು ಒಳ್ಳೆಯ ಗುಣವಿತ್ತು. ಸಣ್ಣ ಮೈಗೆ ಸರಿಯಾಗಿ ಕೂರುವುದೇ ದೊಡ್ಡ ಮೈಗೆ ಹಿಗ್ಗಿ ಜಾಗ ಕೊಡುತ್ತದೆ. ಎತ್ತರದಲ್ಲಿ ಮಕ್ಕಳು ಈಗಲೂ ಒಂದೇ. ಹಾಗಾಗಿ ಎರಡು ಫ್ರಾಕನ್ನೂ ಅವಳು ಅಕ್ಕನ ಅಳತೆಗೇ ಕತ್ತರಿಸಿದ್ದಳು. ಪುಸ್ತಕದಲ್ಲಿ ಇಪ್ಪತ್ಮೂರು ಹಾಗೆಯೇ ಉಳಿಯಿತು. ಅಳತೆಯ ವಿಷಯದಲ್ಲಿ ಅವಳು ಬರೆದ ಮೊದಲ ಸುಳ್ಳು ಅದು, ಬರೆದದ್ದಕ್ಕೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಭಾನುವಾರ ಮೂವರೂ ಬಂದರು. ತಂಗಿ ಹೊಸ ಫ್ರಾಕ್ ಹಾಕಿಕೊಂಡು ಆಗಲೇ ಹೊರಗೆ ನಿಂತಿದ್ದಳು, ಪರದೆಯ ಹಿಂದೆ ಹೋದ ಅಕ್ಕ ಬೇಗ ಹೊರಗೆ ಬರಲಿಲ್ಲ. ಟೈಲರಮ್ಮ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕಾದಳು. ಮೂವತ್ತು ವರ್ಷದಲ್ಲಿ ಯಾವ ಗಿರಾಕಿಗೂ ಅವಳು ಇಷ್ಟು ಹೆದರಿರಲಿಲ್ಲ. ಕೊನೆಗೆ ಪರದೆ ಸರಿಯಿತು. ಸ್ವೆಟರ್ ಇರಲಿಲ್ಲ. ಅಕ್ಕ ಕನ್ನಡಿಯ ಮುಂದೆ ನಿಂತು ಮೊದಲು ತನ್ನ ಎರಡು ಹೆಗಲು ನೋಡಿಕೊಂಡಳು, ಆಮೇಲೆ ತಂಗಿಯ ಹೆಗಲು ನೋಡಿದಳು. ತೋಳಿನ ಪಟ್ಟಿ ಎಳೆದು ನೋಡಿದಳು. ಹೊಲಿಗೆಯಲ್ಲಿ ತಪ್ಪು ಹುಡುಕುವ ಹೆಂಗಸರೂ ಅಷ್ಟು ಹುಡುಕುವುದಿಲ್ಲ.

“ನಾನು ಹೇಳಿರ್ಲಿಲ್ವಾ ಅಮ್ಮ? ಇಬ್ಬರದೂ ಒಂದೇ ಅಳತೆ,” ಎಂದಳು. ತಾಯಿ ಅವಳ ತಲೆ ಸವರಿದಳು. ಅಕ್ಕ ಸ್ವೆಟರನ್ನು ಸ್ಟೂಲಿನ ಮೇಲೇ ಮರೆತು, ತಾಯಿಯ ಕೈ ಹಿಡಿದೆಳೆದುಕೊಂಡು ಬೀದಿಗೆ ಹೋದಳು.

ಸ್ವೆಟರ್ ತರಲು ಬಂದವಳು ತಂಗಿ. ಅದನ್ನು ಎತ್ತಿಕೊಂಡು ಬಾಗಿಲವರೆಗೆ ಹೋಗಿ, ಮತ್ತೆ ತಿರುಗಿ ಮೆಷಿನ್ನಿನ ಹತ್ತಿರ ಬಂದಳು. ಕಂಕುಳ ಹತ್ತಿರದ ಹೊಲಿಗೆಯೊಳಗೆ ಬೆರಳು ತೂರಿಸಿ ಎಳೆದುಕೊಂಡಳು. ಅಲ್ಲಿ ಆಗಲೇ ಒಂದು ಕೆಂಪು ಗೆರೆ ಬಿದ್ದಿತ್ತು.

“ಟೈಲರಮ್ಮ, ನಂಗೆ ಬಿಗಿ ಆಗ್ತಿದೆ. ಅಕ್ಕಂಗೆ ಹೇಳ್ಬೇಡಿ.”

ಟೈಲರಮ್ಮ ಕತ್ತರಿ ಕೈಗೆತ್ತಿಕೊಂಡಳು. “ಬಾ ಕಂದ, ಬಿಚ್ಚಿ ಕೊಡು. ಅವಳಿಗೆ ಗೊತ್ತಾಗದ ಹಾಗೆ ಒಂಚೂರು ಸಡಿಲ ಮಾಡ್ತೀನಿ.”

“ಬೇಡ,” ಎಂದಳು ತಂಗಿ, ಹೊಟ್ಟೆ ಒಳಗೆಳೆದುಕೊಂಡು. “ಅಕ್ಕ ನನ್ನಷ್ಟಾಗೋ ತನಕ ನಾನು ಬೆಳೆಯಲ್ಲ.”