ನಿಂತೇ ಉಸಿರಾಡಲಿ

“ಮಲಗಿಸಿ ಗ್ಯಾಸ್ ಕೊಡಮ್ಮ. ಇಪ್ಪತ್ತು ವರ್ಷದಿಂದ ನಾನು ಹಾಗೇ ಮಾಡ್ಕೊಂಡು ಬಂದಿದೀನಿ,” ಎಂದರು ಸರ್ಜನ್ ಕಾಲ್ಮಾನ್.

“ನಾನು ಕೊಡಲ್ಲ ಸಾರ್,” ಎಂದಳು ಅರಿವಳಿಕೆ ವೈದ್ಯೆ ಎಮೆಶೆ.

ಎದುರಿಗಿದ್ದದ್ದು ಹಂಗೇರಿಯ ಹುಲ್ಲುಬಯಲಿನ ಮುದಿ ಕುದುರೆ ವಿಲ್ಲಾಮ್. ಗೆಡ್ಡೆ ಬೆಳೆದ ಎಡಗಣ್ಣನ್ನು ತೆಗೆಯಲೇಬೇಕಿತ್ತು. ಆದರೆ ಅದಕ್ಕೆ ಉಬ್ಬಸ. ಹೋದ ತಿಂಗಳು ಇಂಥದ್ದೇ ಉಬ್ಬಸದ ಒಂದು ಹೆಣ್ಣು ಕುದುರೆ, ಮಲಗಿಸಿ ಗ್ಯಾಸ್ ಕೊಟ್ಟಾಗ ಮೇಜಿನ ಮೇಲೆಯೇ ಸತ್ತಿತ್ತು. ಅಂದು ಸುಮ್ಮನಿದ್ದ ತನ್ನ ಮೇಲೆ ಎಮೆಶೆಗೆ ಇನ್ನೂ ಸಿಟ್ಟಿತ್ತು.

“ಮಗ್ಗುಲಿಗೆ ಮಲಗಿಸಿದ್ರೆ ಹೊಟ್ಟೆ ಭಾರಕ್ಕೆ ಕೆಳಗಿನ ಶ್ವಾಸಕೋಶ ಅಪ್ಪಚ್ಚಿ. ಅದರ ಜೊತೆಗೆ ಗ್ಯಾಸೂ ಕೊಟ್ರೆ ಇರೋ ಉಸಿರೂ ಇಳಿಯುತ್ತೆ. ಅರೆನಿದ್ದೆಗೆ ಔಷಧಿ ಹನಿಸಿ, ಕಣ್ಣಿನ ಸುತ್ತ ಮರಗಟ್ಟಿಸ್ತೀನಿ. ನಿಂತಲ್ಲೇ ಮಾಡಿ.”

“ಮಧ್ಯದಲ್ಲಿ ಕುಸಿದು ನನ್ನ ಮೇಲೇ ಬಿದ್ರೆ?”

“ನಾನು ನಿಲ್ಲು ಅಂದ್ರೆ ನಿಲ್ತಾನೆ ಡಾಕ್ಟ್ರೇ,” ಎಂದ ಕುದುರೆಗಾಹಿ ಅಂಬ್ರೂಶಜ್ಜ.

“ಅಜ್ಜ, ಮೊದಲು ಆ ಚಾವಟಿ ಹೊರಗಿಟ್ಟು ಬನ್ನಿ,” ಎಂದಳು ಎಮೆಶೆ. ಚಾವಟಿ ಚಟೀರೆಂದರೆ ಸಾಕು, ಬಯಲಿನ ಕುದುರೆಗಳು ಇದ್ದಲ್ಲೇ ಮಲಗುತ್ತವೆ. ಮರಿಯಿಂದಲೇ ಕಲಿಸಿದ ಪಾಠವದು. ಚಾವಟಿ ಬಿಟ್ಟು ಚರ್ಚಿಗೂ ಹೋಗದ ಅಜ್ಜ ಗೊಣಗುತ್ತ ಅದನ್ನು ಬಾಗಿಲಾಚೆ ತೂಗುಹಾಕಿ ಬಂದ.

ಕಾಲ್ಮಾನ್ ಒಂದು ಹಾಳೆ ಮುಂದೆ ತಳ್ಳಿದರು. “ಏನೇ ಆದ್ರೂ ಹೊಣೆ ನಿಂದೇ ಅಂತ ಇದ್ರಲ್ಲಿದೆ, ಸಹಿ ಹಾಕು. ಕೆಲಸ ಹೋದ್ರೆ ನನ್ನ ಹತ್ರ ಅಳಬೇಡ.”

ಎಮೆಶೆ ಓದದೆಯೇ ಸಹಿ ಹಾಕಿದಳು.

ಅರ್ಧ ಕೆಲಸ ಮುಗಿದಿತ್ತು. ಕಾಲ್ಮಾನ್ ಹರಿದ ಕೈಗವಸು ಕಳಚಿ ಹೊಸದನ್ನು ಎಳೆದು ಬಿಟ್ಟರು. ಚಟ್! ಅರೆನಿದ್ದೆಯಲ್ಲಿದ್ದ ವಿಲ್ಲಾಮ್‌ನ ಮುಂಗಾಲು ಮಡಿಚಿಕೊಳ್ಳತೊಡಗಿತು. ಕಾಲ್ಮಾನ್ ಹೌಹಾರಿ ಗೋಡೆಗೆ ಆತುಕೊಂಡರು.

ಅಜ್ಜ ಅದರ ಕಿವಿಗೆ ಬಾಯಿಟ್ಟ. “ಲೇ ಮುದುಕಾ, ಅದು ನನ್ ಚಾವಟಿ ಅಲ್ಲ ಕಣೋ. ನಿಲ್ಲು.”

ಮಂಡಿ ಮೆಲ್ಲನೆ ನೇರವಾಯಿತು. ಎಮೆಶೆ ಪಕ್ಕೆಲುಬುಗಳನ್ನೇ ನೋಡುತ್ತಿದ್ದಳು. ಅವು ಏರಿದವು, ಇಳಿದವು, ಮತ್ತೆ ಏರಿದವು.

ಕೊನೆಯ ಹೊಲಿಗೆ ಮುಗಿಸಿ ಕಾಲ್ಮಾನ್ ಬೆವರು ಒರೆಸಿಕೊಂಡರು. “ಆ ಕಾಗದ ಇಲ್ಲಿ ಕೊಡು. ಹರಿದು ಹಾಕ್ತೀನಿ.”

“ಹರೀಬೇಡಿ ಸಾರ್, ಫೈಲಲ್ಲೇ ಇರಲಿ. ನಾಳೆ ಬರೋ ಕುದುರೆಗೂ ಬೇಕಾಗುತ್ತೆ.”

ಅವಳು ಹಾಳೆಯನ್ನು ವಿಲ್ಲಾಮ್‌ನ ಮೂಗಿನ ಮುಂದೆ ಹಿಡಿದಳು. ಕುದುರೆ ಉಸಿರು ಬಿಟ್ಟಾಗಲೆಲ್ಲ ಅದು ಪಟಪಟನೆ ಬಡಿದುಕೊಂಡಿತು.